ಒಂದೇ ಮಾತಿನ ಮೇಷ್ಟ್ರ ರಿವಿಜನ್

ಜೀವಶಾಸ್ತ್ರದಲ್ಲಿ ನನ್ನ ವಿದ್ಯಾಭ್ಯಾಸವೆಲ್ಲ ಅಡುಗೆಮನೆಯ ಕಿಟಕಿಯ ಮೂಲಕ ನಡೆದದ್ದು. ನಾನು ಓದಿದ್ದು ಕಾಮರ್ಸು. ಕಪ್ಪೆಯನ್ನು ಹತ್ತಿರದಿಂದ ನೋಡಿದ್ದೆಂದರೆ ಮಳೆಗಾಲದ ಒಂದು ದಿನ ಬಚ್ಚಲುಮನೆಯಲ್ಲಿ. ಅದೂ ಕಿರುಚಿಕೊಂಡು ಹೊರಗೆ ಓಡಿಬರುವಷ್ಟರಲ್ಲಿ ಎಷ್ಟು ಕಂಡಿತೋ ಅಷ್ಟು. ಹಾಗಿದ್ದರೂ ಹೃದಯಕ್ಕೆ ನಾಲ್ಕು ಕೋಣೆಗಳಿವೆ, ಕೆಟ್ಟ ರಕ್ತ ಬಲಗಡೆಗೆ ಬಂದು, ಶ್ವಾಸಕೋಶಕ್ಕೆ ಹೋಗಿ, ಚೊಕ್ಕಟವಾಗಿ ಎಡಗಡೆಗೆ ಬರುತ್ತದೆ ಎಂದು ಈಗಲೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹುರುಳಿಕಾಯಿಯ ನಾರು ತೆಗೆಯುತ್ತ ಕಲಿತ ವಿದ್ಯೆ ಅದು. ಕಿಟಕಿಯ ಆಚೆ ನಮ್ಮ ಕಾರ್ ಶೆಡ್ಡು. ಬಸವೇಶ್ವರನಗರದಲ್ಲಿ ಮನೆ ಕಟ್ಟಿಸುವಾಗ “ಮುಂದೆ ಕಾರು ತಗೊಂಡ್ರೆ ಬೇಕಾಗುತ್ತೆ ಸಾರ್” ಎಂದು ಮೇಸ್ತ್ರಿ ಹೇಳಿದನೆಂದು ಕಟ್ಟಿಸಿದ್ದು. ಕಾರು ಬರಲಿಲ್ಲ. ಅದರ ಬದಲಿಗೆ ಒಂದು ಕರಿಹಲಗೆ ಬಂತು, ಬೆಂಚುಗಳು ಬಂದವು, ವರ್ಷವರ್ಷವೂ ಸೆಕೆಂಡ್ ಪಿಯುಸಿ ಮಕ್ಕಳು ಬಂದರು.

ಪಾಠ ಹೇಳುತ್ತಿದ್ದವರು ನನ್ನ ಯಜಮಾನರು. ಮುಂದೆಲ್ಲ ‘ಇವರು’ ಎಂದೇ ಬರೆಯುತ್ತೇನೆ. ಹೆಸರು ಹಿಡಿದು ಬರೆಯಲು ಕೈ ಬರುವುದಿಲ್ಲ, ಅಭ್ಯಾಸವಿಲ್ಲ. ಹಗಲು ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರು, ಸಂಜೆ ಶೆಡ್ಡಿನಲ್ಲಿ ಟ್ಯೂಷನ್ ಮೇಷ್ಟ್ರು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು, ಯಂತ್ರಗಳು ಬಂದು ನನ್ನ ಕೆಲಸ ಕಿತ್ತುಕೊಂಡ ಮೇಲೆ ವಾಲಂಟರಿ ರಿಟೈರ್‌ಮೆಂಟ್ ತೆಗೆದುಕೊಂಡು ಮನೆಯಲ್ಲಿ ಕೂತವಳು. ಮನೆಯಲ್ಲಿ ಇಬ್ಬರೂ ಮಾತಿನ ಕಸುಬಿನವರು. ವ್ಯತ್ಯಾಸವೇನೆಂದರೆ ನಾನು ಬೇರೆಯವರ ಮಾತನ್ನು ಬೇರೆಯವರಿಗೆ ಜೋಡಿಸಿ ಸುಮ್ಮನಾಗುತ್ತಿದ್ದೆ. ಇವರು ಮಕ್ಕಳ ಬಾಯಿಂದ ಮಾತು ಹೊರಡಿಸುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಸಂಜೆ ಐದರಿಂದ ಏಳರವರೆಗೆ ಆ ಕೊರತೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

ಪಾಠ ಮುಗಿಸಿಬಿಡುವುದನ್ನು ಇವರು ದೊಡ್ಡ ವಿಷಯವೆಂದು ತಿಳಿದವರಲ್ಲ. ಡಿಸೆಂಬರಿಗೆ ಪುಸ್ತಕ ಮುಗಿದುಹೋಗುತ್ತಿತ್ತು. ಅಲ್ಲಿಂದ ಮಾರ್ಚಿನವರೆಗೆ ರಿವಿಜನ್. ಅದೇ ನಿಜವಾದ ಓದು ಎನ್ನುತ್ತಿದ್ದರು. “ಬೀಗದ ಕೈ ಮನೇಲೇ ಇದೆ ಅಂತ ಗೊತ್ತಿರೋದು ಬೇರೆ, ಬಸ್ಸಿಗೆ ಹೊತ್ತಾದಾಗ ಕೈಗೆ ಸಿಗೋದು ಬೇರೆ. ನಿಮಗೆಲ್ಲ ಮನೇಲೆಲ್ಲೋ ಇದೆ ಅಂತ ಗೊತ್ತಿದೆ, ಅಷ್ಟೇ.” ಹುಡುಗಿಯರು ಹಳದಿ ಪೆನ್ನಿನಲ್ಲಿ ಸಾಲುಸಾಲಿಗೆ ಗೆರೆ ಎಳೆದು ಇಡೀ ಪುಟವನ್ನು ಹಳದಿ ಮಾಡಿಕೊಂಡು ಬಂದರೆ, “ಪುಸ್ತಕಕ್ಕೆ ಅರಿಶಿನ ಹಚ್ಚಿದ್ದಾಯ್ತಲ್ಲಮ್ಮ, ಮದುವೆ ಯಾವತ್ತು?” ಎಂದು ಕೇಳುತ್ತಿದ್ದರು. ಓದಿದ್ದನ್ನೇ ಮತ್ತೆ ಮತ್ತೆ ಓದುವುದರಲ್ಲಿ ಇವರಿಗೆ ನಂಬಿಕೆಯಿರಲಿಲ್ಲ. ಪುಸ್ತಕ ಮುಚ್ಚು, ಹೇಳು. ಚಿತ್ರವನ್ನು ನೋಡದೆ ಬರೆ, ಆಮೇಲೆ ಪುಸ್ತಕ ತೆಗೆದು ಎಲ್ಲಿ ತಪ್ಪಿತು ಅಂತ ನೀನೇ ಹುಡುಕು. ಇವತ್ತು ಹೇಳಿದ್ದನ್ನು ನಾಳೆ ಇನ್ನೊಂದು ಸಲ ಹೇಳು, ಒಂದು ವಾರ ಬಿಟ್ಟು ಮತ್ತೊಂದು ಸಲ. “ಹಪ್ಪಳಾನ ಒಂದೇ ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬ್ತಾರೇನೋ? ತಿರುವಿ ತಿರುವಿ ಹಾಕ್ಬೇಕು.” ಹಪ್ಪಳದ ಉದಾಹರಣೆ ನನ್ನ ತಾರಸಿಯಿಂದ ಎತ್ತಿಕೊಂಡದ್ದು. ಅದಕ್ಕೆ ಒಂದು ದಿನವೂ ನನಗೆ ಥ್ಯಾಂಕ್ಸ್ ಹೇಳಲಿಲ್ಲ.

ನಮ್ಮ ಭಾಷೆಯಲ್ಲಿ ನೆನಪಿಗೂ ಬಾಯಿಗೂ ಹಳೆಯ ನಂಟು. ಬಾಯಿಪಾಠ ಎನ್ನುತ್ತೇವೆ, ಕಂಠಪಾಠ ಎನ್ನುತ್ತೇವೆ. ತಲೆಪಾಠ ಎಂದು ಯಾರೂ ಅಂದದ್ದು ಕೇಳಿಲ್ಲ. ಕಲಿತದ್ದು ಇರುವ ಜಾಗ ಗಂಟಲು ಎಂದೇ ಹಿರಿಯರ ಲೆಕ್ಕ. ನಮ್ಮಜ್ಜನ ಅಣ್ಣ ಒಬ್ಬರು ವೇದ ಕಲಿತವರು. ಒಂದೇ ಸಾಲನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ, ಪದಕ್ಕೆ ಪದ ಜಡೆ ಹೆಣೆದ ಹಾಗೆ ಹೇಳುತ್ತಿದ್ದರು. ನಾನು ಇದನ್ನು ಹೇಳಿದಾಗ ಇವರು ತಲೆದೂಗಿ, “ಅದು ರಿವಿಜನ್. ನಮ್ಮ ಮಕ್ಕಳು ಮಾಡೋದು ಉರು ಹೊಡಿಯೋದು. ಉರು ಹೊಡೆದವನಿಗೆ ಮಧ್ಯದಲ್ಲಿ ಒಂದು ಸೀನು ಬಂದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು” ಎಂದಿದ್ದರು.

ಇವರ ಪರೀಕ್ಷೆಯ ಕ್ರಮ ಹೀಗೆ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಳ್ಳುವುದು. ಹುಡುಗನೋ ಹುಡುಗಿಯೋ ಎದುರಿಗೆ ನಿಂತು ಹೇಳುವುದು. ಮಧ್ಯೆ ಎಲ್ಲಾದರೂ ನಿಂತರೆ ಇವರು ಉತ್ತರ ಹೇಳಿಕೊಡುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಕಣ್ಣು ತೆರೆಯದೆ “ಆಮೇಲೆ?” ಎನ್ನುತ್ತಿದ್ದರು. ಅಷ್ಟೇ. ಕಿಟಕಿಯ ಮೂಲಕ ದಿನಕ್ಕೆ ಎಷ್ಟು ‘ಆಮೇಲೆ’ ಒಳಗೆ ಬರುತ್ತಿತ್ತೋ.

ಆ ವರ್ಷ ಸಂಕ್ರಾಂತಿಯ ಮಾರನೇ ದಿನ ಬೆಳಿಗ್ಗೆ ಇವರು ಹಲ್ಲುಜ್ಜಲು ಹೋದವರು ಬ್ರಷ್ಷನ್ನು ಕೈಯಿಂದ ಬೀಳಿಸಿದರು. ಬಗ್ಗಿ ಎತ್ತಿಕೊಳ್ಳಲು ಹೋಗಿ ಗೋಡೆಗೆ ಒರಗಿದರು. “ಏನಾಯ್ತು?” ಎಂದು ಕೇಳಿದರೆ ನನ್ನನ್ನು ನೋಡಿದರು, ಬಾಯಿ ಆಡಿತು, ಮಾತು ಬರಲಿಲ್ಲ. ತುಟಿ ಒಂದು ಕಡೆಗೆ ಜಾರಿತ್ತು. ಪಕ್ಕದ ಮನೆಯವರ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದೆ, ಅದಕ್ಕೆ ಬಲಗೈ ಬಲಗಾಲು ಬಿದ್ದಿದೆ, ಮಾತೂ ಹೋಗಿದೆ ಎಂದರು ಡಾಕ್ಟರು. ಹಿಂದಿನ ದಿನ ತಾನೇ ಮನೆಮನೆಗೆ ತಟ್ಟೆ ಹಿಡಿದು ಹೋಗಿ, ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಎಂದು ಹೇಳಿ ಬಂದಿದ್ದೆ. ಮನೆಯಲ್ಲಿ ಇನ್ನೂ ಡಬ್ಬಿಯ ತುಂಬ ಎಳ್ಳು ಉಳಿದಿತ್ತು. ಒಳ್ಳೆಯದೋ ಕೆಟ್ಟದ್ದೋ, ಒಂದು ಮಾತೂ ಉಳಿದಿರಲಿಲ್ಲ.

ಇಲ್ಲ, ಒಂದು ಉಳಿದಿತ್ತು. ವಾರ್ಡಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಇವರು ಚಮಚವನ್ನು ತಳ್ಳಿ, ಬಹಳ ಹೊತ್ತು ಬಾಯಿಯೊಡನೆ ಗುದ್ದಾಡಿ, ಸ್ಪಷ್ಟವಾಗಿ “ಆಮೇಲೆ” ಎಂದರು.

ಬಟ್ಟಲು ಕೆಳಗಿಟ್ಟು ಹತ್ತಿರ ಬಗ್ಗಿದೆ. “ಏನು ಆಮೇಲೆ? ಹೇಳಿ.”

“ಆಮೇಲೆ.”

“ಆಮೇಲೆ ಕುಡೀತೀರಾ?”

ಇಲ್ಲವೆಂದು ತಲೆಯಾಡಿಸಿದರು. “ಆಮೇಲೆ. ಆಮೇಲೆ!”

ನರ್ಸು ಓಡಿಬಂದಳು. ಮಾತು ಬಂತು ಸಿಸ್ಟರ್ ಎಂದು ನಾನು ಅಳುತ್ತ ನಗುತ್ತ ಹೇಳಿದೆ. ಬಂದದ್ದು ಅಷ್ಟೇ ಎಂದು ತಿಳಿಯಲು ಕೆಲವು ದಿನ ಬೇಕಾಯಿತು. ನೀರು ಬೇಕಾದರೂ ಆಮೇಲೆ, ಸೊಳ್ಳೆ ಕಚ್ಚಿದರೂ ಆಮೇಲೆ, ಫ್ಯಾನು ಜೋರಾದರೂ ಆಮೇಲೆ. ಕೆಲವರಿಗೆ ಹೀಗಾಗುತ್ತದೆ, ಹೆಚ್ಚಾಗಿ ಬಳಸಿದ ಒಂದು ಮಾತು ಮಾತ್ರ ಉಳಿಯುತ್ತದೆ ಎಂದರು ಡಾಕ್ಟರು. ಇಷ್ಟೊಂದು ವರ್ಷ ಸಂಸಾರ ಮಾಡಿದವಳ ಹೆಸರು ಉಳಿಯಬಹುದಿತ್ತಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ನೆನಪಾಯಿತು: ನನ್ನ ಹೆಸರು ಹಿಡಿದು ಇವರು ಕರೆದದ್ದೇ ಅಪರೂಪ. ನನ್ನನ್ನು ಕರೆಯುತ್ತಿದ್ದದ್ದು “ಏ, ಇಲ್ನೋಡು” ಎಂದು.

ಮನೆಗೆ ಬಂದ ಮೇಲೆ ಈ ಮಾತಿನಿಂದ ಆದ ಫಜೀತಿ ಒಂದೆರಡಲ್ಲ. “ಊಟ ಬಡಿಸಲಾ?” ಎಂದರೆ “ಆಮೇಲೆ” ಎನ್ನುವರು. ನಾನು ತಟ್ಟೆ ಒಳಗಿಡುವೆ. ಇವರು ಕೆಂಗಣ್ಣು ಬಿಡುವರು, ಏಕೆಂದರೆ ಹೊಟ್ಟೆ ಹಸಿದಿದೆ. ನೋಡಲು ಬಂದವರು “ಹೇಗಿದ್ದೀರಿ ಮೇಷ್ಟ್ರೇ?” ಎಂದರೆ “ಆಮೇಲೆ”. ಅವರು ಆಯ್ತು ಬಿಡಿ, ಆಮೇಲೇ ಬರ್ತೀವಿ ಎಂದು ಎದ್ದುಬಿಡುವರು. ಕೆಂಗೇರಿ ಉಪನಗರದಲ್ಲಿದ್ದ ನನ್ನ ನಾದಿನಿ ವಾರಕ್ಕೊಮ್ಮೆ ಬಂದು ಮಂಚದ ಪಕ್ಕದಲ್ಲೇ ಕೂತು, “ಅತ್ತಿಗೆ, ಅಣ್ಣಂಗೆ ನಾವು ಹೇಳೋದೇನಾದ್ರೂ ಗೊತ್ತಾಗುತ್ತಾ? ಪಾಪ, ಮಗು ಥರ ಆಗ್ಬಿಟ್ಟ” ಎಂದು ಕಣ್ಣೊರೆಸಿಕೊಳ್ಳುವಳು. ನನಗೂ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳಿದ್ದೆ, “ನೋಡೋಣ” ಎಂದು ಮುಂದಿನ ಮಂಚಕ್ಕೆ ಹೋಗಿದ್ದರು. ಕಿವುಡರ ಹತ್ತಿರ ಮಾತಾಡುವ ಹಾಗೆ ಎಲ್ಲರೂ ಇವರ ಮುಂದೆ ಕೂಗಿ ಮಾತಾಡುತ್ತಿದ್ದರು. ನಾನೂ ಕೂಗುತ್ತಿದ್ದೆ.

ಟ್ಯೂಷನ್ ಮಕ್ಕಳು ಬೇರೆ ಕಡೆ ಹೋದರು. ತಪ್ಪೇನಿಲ್ಲ, ಮಾರ್ಚ್ ಹತ್ತಿರ ಬಂದಿತ್ತು, ವಿಜಯನಗರದಲ್ಲಿ ದೊಡ್ಡ ದೊಡ್ಡ ಬೋರ್ಡಿನ ಕೋಚಿಂಗ್ ಕ್ಲಾಸುಗಳಿದ್ದವು. ತಂದೆತಾಯಿಗಳು ಬಂದು ಸಂಕೋಚದಿಂದ ಕೈಮುಗಿದು ಹೇಳಿ ಹೋದರು. ಶೆಡ್ಡಿನಲ್ಲಿ ಕರಿಹಲಗೆಯ ಮೇಲೆ ಇವರ ಕೈಯ ಒಂದು ಅರ್ಧ ಚಿತ್ರ ಹಾಗೇ ಇತ್ತು. ನನಗೆ ಅದನ್ನು ಒರೆಸಲು ಮನಸ್ಸಾಗಲಿಲ್ಲ. ಅದು ಮೂತ್ರಪಿಂಡವೋ ಇನ್ನೇನೋ, ಅದೂ ತಿಳಿಯಲಿಲ್ಲ.

ಫೆಬ್ರವರಿಯ ಒಂದು ಸಂಜೆ ಇಬ್ಬರು ಮಾತ್ರ ಬಂದರು. ಒಬ್ಬಳು ರೇಖಾ, ಗೋವಿಂದರಾಜನಗರದವಳು. ಅಪ್ಪನದು ಪಾತ್ರೆ ಅಂಗಡಿ. ಕಡ್ಡಿಯಂತಹ ಹುಡುಗಿ, ಮೇಷ್ಟ್ರ ಮುಂದೆ ನಿಂತರೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವವಳು. ಇನ್ನೊಬ್ಬ ಬಸವರಾಜ, ಬಿಜಾಪುರದ ಕಡೆಯವನು. ಹೆಗ್ಗನಹಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದ. ಇಬ್ಬರೂ ಮೇಷ್ಟ್ರನ್ನು ನೋಡಿ ಹೋಗೋಣವೆಂದು ಬಂದವರು. ಇವರನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿದ್ದೆ. ರೇಖಾ ನೋಡಿದವಳೇ ಅಳುವುದಕ್ಕೆ ಶುರು ಮಾಡಿದಳು. ಬಸವರಾಜನಿಗೆ ಏನು ಮಾಡಬೇಕೋ ತೋಚಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು ಹೇಳಿದ:

“ಸರ, ಡೈಜೆಶನ್ ಪಾಠ ಮತ್ತೊಮ್ಮೆ ಓದೀನ್ರಿ.”

“ಆಮೇಲೆ?” ಎಂದರು ಇವರು.

ಬಸವರಾಜ ಬೆಚ್ಚಿಬಿದ್ದ. ನನ್ನ ಕಡೆ ನೋಡಿದ. ಅದೊಂದೇ ಮಾತು ಬರುವುದಪ್ಪ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನೇ ಎದ್ದು ನಿಂತು ಕೈಕಟ್ಟಿಕೊಂಡಿದ್ದ. ಅಭ್ಯಾಸಬಲ.

“ಆಮೇಲೆ... ಬಾಯಾಗಿಂದ ಶುರು ಆಗತೈತ್ರಿ ಸರ. ಜೊಲ್ಲಿನ್ಯಾಗ ಎಂಜೈಮ್ ಇರತೈತಿ, ಅದು ಪಿಷ್ಟಾನ್ನ ಒಡೀತೈತಿ. ಅಲ್ಲಿಂದ ಹೊಟ್ಟಿಗೆ ಹೋಗತೈತ್ರಿ.”

“ಆಮೇಲೆ?”

ಹೊಟ್ಟೆಯ ಆಮ್ಲ ಹೇಳಿದ, ಪ್ರೋಟೀನು ಹೇಳಿದ. ಸಣ್ಣ ಕರುಳಿನ ಬಾಗಿಲಿಗೆ ಬಂದು ನಿಂತ. ಇವರು ಕಣ್ಣು ಮುಚ್ಚಿಕೊಂಡಿದ್ದರು. “ಆಮೇಲೆ?” ಅವನ ಹಣೆಯಲ್ಲಿ ಬೆವರು ಬಂತು. ಪಿತ್ತರಸ ಎಲ್ಲಿಂದ ಬರುತ್ತದೆ ಎಂಬುದು ಸಿಗದೆ ಒದ್ದಾಡಿದ. ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡಬೇಕಾದವರಿಗೆ ಬಾಯಿಲ್ಲ. ಬಹಳ ಹೊತ್ತಾದ ಮೇಲೆ ತಾನೇ ನೆನಪು ಮಾಡಿಕೊಂಡು “ಲಿವರ್ ರೀ! ಲಿವರ್‌ನಿಂದ!” ಎಂದು ಕೂಗಿದ. ಅಳುತ್ತಿದ್ದ ರೇಖಾ ನಕ್ಕುಬಿಟ್ಟಳು. ಇವರ ಮುಖದ ಎಡಭಾಗ ನಕ್ಕಿತು. ಬಲಭಾಗ ನಗಲಾರದೆ ಸುಮ್ಮನಿತ್ತು.

ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ರೇಖಾ ಕೇಳಿದಳು: “ಆಂಟಿ, ನಾಳೆನೂ ಬರ್ಲಾ? ಕೋಚಿಂಗ್‌ನಲ್ಲಿ ಅವರೇ ಹೇಳ್ತಾರೆ, ಅವರೇ ಉತ್ತರ ಬರೆಸ್ತಾರೆ. ನಮ್ಮ ಕೈಲಿ ಯಾರೂ ಹೇಳ್ಸಲ್ಲ.”

ಬಾ ಎಂದೆ. ಬೇಡವೆನ್ನಲು ನಾನ್ಯಾರು?

ಅಂದಿನಿಂದ ಇಬ್ಬರೂ ದಿನಾ ಬಂದರು. ಮೇಷ್ಟ್ರು ಪಾಠ ಮಾಡಲಾರರು, ಹಲಗೆಯ ಮೇಲೆ ಬರೆಯಲಾರರು, ತಪ್ಪಿದ್ದನ್ನು ಬಾಯಲ್ಲಿ ತಿದ್ದಲಾರರು. ಆದರೆ ಕೂತು ಕೇಳಬಲ್ಲರು. ತಪ್ಪು ಬಂದರೆ ಎಡಗೈಯಿಂದ ಕುರ್ಚಿಯ ಕೈಯನ್ನು ತಟ್ಟುವರು. ಎಲ್ಲಿ ತಪ್ಪಿತು ಎಂದು ಮಕ್ಕಳೇ ಹುಡುಕಿಕೊಳ್ಳಬೇಕು. ಒಮ್ಮೆ ಬಸವರಾಜ ಹೃದಯದ ಚಿತ್ರ ಬರೆದು ಎಡಬಲ ಅದಲುಬದಲು ಮಾಡಿದ. ಕುರ್ಚಿ ತಟ್ಟಿದ್ದೇ ತಟ್ಟಿದ್ದು; ಅವನಿಗೆ ಹೊಳೆಯಲೇ ಇಲ್ಲ. ಕೊನೆಗೆ ಇವರು ಅವನನ್ನು ಸನ್ನೆ ಮಾಡಿ ಎದುರಿಗೆ ನಿಲ್ಲಿಸಿಕೊಂಡು, ಬೆರಳನ್ನು ಅವನ ಎದೆಗೆ ಒತ್ತಿ, ಅದೇ ಬೆರಳನ್ನು ಹಾಳೆಯ ಬಲಪಕ್ಕಕ್ಕೆ ಇಟ್ಟರು. ಚಿತ್ರ ನಿನ್ನ ಎದುರಿಗೆ ನಿಂತಿರುವ ಮನುಷ್ಯನದು, ಅವನ ಎಡ ನಿನ್ನ ಬಲ. ಅಷ್ಟನ್ನು ಮಾತಿಲ್ಲದೆ ಹೇಳಿಕೊಟ್ಟರು. ಹಿಂದೆ ಇದನ್ನು ಹೇಳಲು ಇವರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು, ನಡುವೆ ಎರಡು ಜೋಕು ಬೇರೆ.

ಅಷ್ಟಾದರೂ ನನಗೆ ಒಳಗೊಳಗೇ ಅನುಮಾನ. ಇದೆಲ್ಲ ಅಭ್ಯಾಸವೇ ಇರಬಹುದು. ಗಾಣದ ಎತ್ತು ಕಣ್ಣು ಕಟ್ಟಿದರೂ ಸುತ್ತುತ್ತದೆ. ಮನುಷ್ಯರು ಹೇಳುವುದು ಇವರಿಗೆ ನಿಜವಾಗಿ ತಲುಪುತ್ತಿದೆಯೇ? ಮಿಕ್ಕ ಹೊತ್ತು ಇವರು ಕಿಟಕಿಯಾಚೆಯ ಹೊಂಗೆಮರವನ್ನು ನೋಡುತ್ತ ಕೂತಿರುತ್ತಿದ್ದರು. ಆ ನೋಟ ನನಗೆ ಭಯ ಹುಟ್ಟಿಸುತ್ತಿತ್ತು.

ಮಾರ್ಚ್ ಬಂತು. ಪಾಠಗಳನ್ನು ಒಂದು ಸುತ್ತು ತಿರುವಿ ಹಾಕಿ, ಎರಡನೇ ಸುತ್ತು ನಡೆದಿತ್ತು. ಆ ಎರಡು ಸುತ್ತಿನಲ್ಲೂ ಮಕ್ಕಳು ಒಂದು ಪಾಠವನ್ನು ಮುಟ್ಟಿರಲಿಲ್ಲ. ಮಿದುಳಿನದು. ಇಬ್ಬರೂ ಮಾತಾಡಿಕೊಂಡು ಬಿಟ್ಟಿದ್ದರೋ, ಅವರವರಿಗೇ ಅನ್ನಿಸಿತೋ, ನಾನು ಕೇಳಲಿಲ್ಲ. ನರಮಂಡಲ ಬಂದಾಗ ನರಕೋಶ ಹೇಳಿ, ಬೆನ್ನುಹುರಿ ಹೇಳಿ, ಸದ್ದಿಲ್ಲದೆ ಕಣ್ಣು ಕಿವಿಗೆ ಹಾರಿಬಿಡುತ್ತಿದ್ದರು.

ಒಂದು ಸಂಜೆ ರೇಖಾ ಹಾಗೆ ಹಾರಿದಾಗ ಕುರ್ಚಿ ತಟ್ಟುವ ಸದ್ದು ಕೇಳಿಸಿತು. ನಾನು ಕಾಫಿ ಸೋಸುತ್ತಿದ್ದೆ.

“ಸರಿಯಾಗೇ ಹೇಳಿದ್ನಲ್ಲ ಸಾರ್?”

ಇವರು ಎಡಗೈ ಚಾಚಿ ಅವಳ ಪುಸ್ತಕ ತೆಗೆದುಕೊಂಡರು. ತೊಡೆಯ ಮೇಲಿಟ್ಟು ಒಂದೇ ಕೈಯಲ್ಲಿ ಕಷ್ಟಪಟ್ಟು ಹಾಳೆ ಮಗುಚಿದರು. ಮಿದುಳಿನ ಚಿತ್ರದ ಮೇಲೆ ಬೆರಳಿಟ್ಟು ಅವಳ ಕಡೆ ನೋಡಿದರು.

“ಅದು ಬೇಡ ಸಾರ್. ಅದು ಬರುತ್ತೆ ನಂಗೆ.”

“ಆಮೇಲೆ?” ಇದು ಕೇಳಿದ್ದಲ್ಲ, ಗದರಿದ್ದು.

ರೇಖಾ ಎದ್ದು ನಿಂತಳು. ದುಪಟ್ಟಾ ಬೆರಳಿಗೆ ಸುತ್ತಿಕೊಂಡಳು. ದೊಡ್ಡ ಮಿದುಳು, ಸಣ್ಣ ಮಿದುಳು, ಎರಡು ಅರ್ಧಗೋಳಗಳು, ಎಡದ್ದು ಬಲಗೈಯನ್ನು ಆಳುತ್ತದೆ, ಬಲದ್ದು ಎಡಗೈಯನ್ನು. ಒಂದೇ ಉಸಿರಿಗೆ ಹೇಳಿಕೊಂಡು ಹೋದಳು. ಆಮೇಲೆ ನಿಂತಳು.

“ಆಮೇಲೆ?”

“ಎಡಗಡೆ, ಮುಂದೆ... ಮಾತಾಡ್ಸೋ ಜಾಗ ಇರುತ್ತೆ ಸಾರ್. ಅಲ್ಲಿಗೆ ರಕ್ತ ಹೋಗೋದು ನಿಂತ್ರೆ ಮಾತು...” ಬಸವರಾಜ ತಲೆ ತಗ್ಗಿಸಿ ಕೂತಿದ್ದ. ನಾನು ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಒಳಗೂ ಹೋಗಲಾರೆ, ಹೊರಗೂ ಬರಲಾರೆ.

“ಆಮೇಲೆ?” ಎಂದರು ಇವರು. ಈ ಸಲ ಎಷ್ಟು ಮೆತ್ತಗೆ ಎಂದರೆ, ಚಿಕ್ಕ ಮಗುವನ್ನು ಮೆಟ್ಟಿಲಿಳಿಸುವಾಗ ಕೈ ಹಿಡಿಯುತ್ತೇವಲ್ಲ, ಹಾಗಿತ್ತು.

“ಆದ್ರೆ ಅರ್ಥ ಮಾಡ್ಕೊಳ್ಳೋ ಜಾಗ ಬೇರೆ ಸಾರ್. ಅದು ಹಿಂದಕ್ಕಿರುತ್ತೆ, ಕಿವಿ ಹತ್ರ. ನಮ್ಮ ಟೆಕ್ಸ್ಟ್‌ನಲ್ಲಿ ಇಷ್ಟೆಲ್ಲ ಇಲ್ಲ. ನಾನು ಲೈಬ್ರರೀಲಿ ದೊಡ್ಡ ಪುಸ್ತಕ ತೆಗ್ಸಿ ಓದಿದೆ. ಮುಂದಿನದು ಹಾಳಾದ್ರೂ ಹಿಂದಿನದು ಚೆನ್ನಾಗಿರಬಹುದು. ಅಂಥವ್ರಿಗೆ ಹೇಳೋಕ್ಕೆ ಬರಲ್ಲ, ಅಷ್ಟೇ. ಬೇರೆಯವ್ರು ಹೇಳಿದ್ದೆಲ್ಲ ಗೊತ್ತಾಗುತ್ತೆ.”

ಇವರು ಎಡಗೈಯನ್ನು ನಿಧಾನವಾಗಿ ಎತ್ತಿ ಹಣೆಯ ಎಡಪಕ್ಕಕ್ಕೆ ಇಟ್ಟು, ಇಲ್ಲವೆನ್ನುವಂತೆ ಬೆರಳಾಡಿಸಿದರು. ಆಮೇಲೆ ಅದೇ ಬೆರಳನ್ನು ಕಿವಿಯ ಹಿಂದಕ್ಕೆ ಒಯ್ದು, ಎರಡು ಸಲ ತಟ್ಟಿ, ತಲೆಯಾಡಿಸಿದರು. ಹೌದು. ಇಲ್ಲಿದೆ. ಚೆನ್ನಾಗಿದೆ. ತಲೆಯಾಡಿಸುವಾಗ ಇವರು ರೇಖಾಳನ್ನು ನೋಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ನನ್ನನ್ನು ನೋಡುತ್ತಿದ್ದರು.

ತಟ್ಟೆಯನ್ನು ಹೇಗೆ ಕೆಳಗಿಟ್ಟೆನೋ ಗೊತ್ತಿಲ್ಲ. ಮಕ್ಕಳು ಹೋದ ಮೇಲೆ ಇವರ ಕುರ್ಚಿಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತೆ. ಇಷ್ಟು ದಿನ ಈ ಮನುಷ್ಯ ಒಳಗೆ ಪೂರ್ತಿ ಎಚ್ಚರವಿದ್ದು, ನಾದಿನಿ ‘ಮಗು ಥರ’ ಎಂದದ್ದನ್ನು ಕೇಳಿಸಿಕೊಂಡು, ಬಂದವರ ಅಯ್ಯೋ ಪಾಪಗಳನ್ನೆಲ್ಲ ಕೇಳಿಸಿಕೊಂಡು, ಹೊಂಗೆಮರ ನೋಡುತ್ತ ಕೂತಿದ್ದರು. ಲೈನು ಕಟ್ಟಾಗಿದ್ದದ್ದು ಒಂದೇ ಕಡೆಯಿಂದ.

ಅಂದಿನಿಂದ ನಾನು ಇವರ ಮುಂದೆ ಕೂಗುವುದನ್ನು ಬಿಟ್ಟೆ. ನಾದಿನಿ ಬಂದಾಗ, “ನೋಡಮ್ಮ, ನಿಮ್ಮಣ್ಣಂಗೆ ಎಲ್ಲ ಅರ್ಥ ಆಗುತ್ತೆ, ಅವರನ್ನೇ ಕೇಳು” ಎಂದೆ. ಅವಳು ನನ್ನನ್ನೇ ಅಯ್ಯೋ ಪಾಪ ಎನ್ನುವ ಹಾಗೆ ನೋಡಿದಳು. ನೋಡಿಕೊಳ್ಳಲಿ. ಬೆಳಗಾದರೆ ನಾನು ಇವರಿಗೆ ಊರಿನ ವರದಿ ಒಪ್ಪಿಸತೊಡಗಿದೆ. ಹಾಲಿನವನು ಬರಲಿಲ್ಲ, ಮೂರನೇ ಕ್ರಾಸಿನಲ್ಲಿ ಮರ ಕಡಿದರು, ಎದುರುಮನೆಯವರ ಮಗಳಿಗೆ ಗಂಡು ಗೊತ್ತಾಯಿತು. “ಆಮೇಲೆ?” ಎನ್ನುವರು ಇವರು. ನಿಜ ಹೇಳಬೇಕೆಂದರೆ, ಮದುವೆಯಾದಾಗಿನಿಂದ ನಾನು ಏನು ಹೇಳಿದರೂ ಪೇಪರಿನ ಹಿಂದಿನಿಂದ ಬರುತ್ತಿದ್ದದ್ದು ‘ಹೂಂ’ ಒಂದೇ. ಈಗ ಎದುರಿಗೆ ಮುಖವಿತ್ತು, ಮುಂದೇನಾಯಿತು ಎಂದು ಕೇಳುವ ಬಾಯಿತ್ತು. ಸುಖ ಎನ್ನಬೇಕೋ ಬೇಡವೋ. ಇವರು ಏನಾದರೂ ಒಂದು ಮಾತು, ಉಪ್ಪು ಸಾಲದು ಎಂದಾದರೂ, ಹೇಳಿದ್ದರೆ ಆ ಸುಖವನ್ನೆಲ್ಲ ಬಿಟ್ಟುಕೊಡುತ್ತಿದ್ದೆ. ಮಾತು ಬರಲಿ ಎಂದು ಇವರ ರಿವಿಜನ್ ಪದ್ಧತಿಯನ್ನೇ ಇವರ ಮೇಲೆ ಪ್ರಯೋಗಿಸಿದೆ. ಲೋಟ ತೋರಿಸಿ ‘ಲೋಟ’ ಎಂದೆ, ಮಾರನೇ ದಿನ ಮತ್ತೆ, ವಾರ ಬಿಟ್ಟು ಮತ್ತೆ. ಹಪ್ಪಳ ಒಣಗಲಿಲ್ಲ. ಇವರು ಲೋಟವನ್ನು ನೋಡಿ, ನನ್ನನ್ನು ನೋಡಿ, ಬೆವೆತು, ಕೊನೆಗೆ ನಾಚಿಕೊಂಡವರ ಹಾಗೆ “ಆಮೇಲೆ” ಎಂದರು. ನಾನು ನಿಲ್ಲಿಸಿದೆ. ರಿವಿಜನ್ ಮಾಡಲು ಮೊದಲು ಓದಿದ್ದು ಒಳಗೆಲ್ಲೋ ಇರಬೇಕು. ಇವರ ಪಾಲಿಗೆ ಆ ಪುಟವೇ ಹರಿದುಹೋಗಿತ್ತು.

ಪರೀಕ್ಷೆಯ ಹಿಂದಿನ ದಿನ ಮಕ್ಕಳು ಬಂದು ಕಾಲಿಗೆ ನಮಸ್ಕಾರ ಮಾಡಿದರು. ಇಬ್ಬರ ಕಣ್ಣೂ ಕೆಂಪಾಗಿದ್ದವು. ಇವರು ಬಸವರಾಜನ ಕೈಲಿದ್ದ ಪುಸ್ತಕ ಕಿತ್ತುಕೊಂಡು ಪಕ್ಕಕ್ಕೆ ಇಟ್ಟು, ಕೆನ್ನೆಯ ಕೆಳಗೆ ಅಂಗೈ ಇಟ್ಟು ಮಲಗುವಂತೆ ತೋರಿಸಿದರು. “ಹೌದ್ರಿ ಸರ, ಬೇಗ ಮಲಗ್ತೀನ್ರಿ” ಎಂದ. ಅವನು ಮಲಗಿದನೆಂದು ನನಗೆ ನಂಬಿಕೆಯಿಲ್ಲ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಇವರು ಅದೇ ವರ್ಷ ಶ್ರಾವಣದಲ್ಲಿ ಹೋದರು. ಇನ್ನೊಂದು ಸಲ ಸ್ಟ್ರೋಕಾಯಿತು. ಈ ಸಲ ಆಸ್ಪತ್ರೆಯವರೆಗೂ ಹೋಗಲಿಲ್ಲ. ರೇಖಾ ಬಂದಿದ್ದಳು, ಬಸವರಾಜ ಬಂದಿದ್ದ. ಬಸವರಾಜ ಹೆಗಲು ಕೊಟ್ಟ. ಅದರ ಬಗ್ಗೆ ಹೆಚ್ಚು ಬರೆಯಲು ನನಗಾಗುವುದಿಲ್ಲ. ರೇಖಾಳಿಗೆ ಮೆಡಿಕಲ್ ಸೀಟು ಸಿಗಲಿಲ್ಲ. ಈಗ ರಾಜಾಜಿನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಬಸವರಾಜ ಬಯಾಲಜಿಯಲ್ಲಿ ಎಲ್ಲರೂ ಬೆರಗಾಗುವಂತೆ ಮಾರ್ಕು ತೆಗೆದು, ಇಂಗ್ಲಿಷಿನಲ್ಲಿ ಫೇಲಾಗಿ, ಮತ್ತೆ ಕಟ್ಟಿ ಪಾಸು ಮಾಡಿಕೊಂಡು, ಊರ ಕಡೆ ಮೇಷ್ಟ್ರಾದ. ನನಗೆ ಹೇಳಬೇಕೆಂದಿರುವುದು ಈ ನಡುವಿನ ಒಂದು ಸಂಜೆಯ ಮಾತು, ಮೇ ತಿಂಗಳದ್ದು, ರಿಸಲ್ಟಿನ ದಿನದ್ದು.

ಸೈಬರ್ ಸೆಂಟರಿನಲ್ಲಿ ನೂಕುನುಗ್ಗಲಲ್ಲಿ ನಿಂತು ನಂಬರು ನೋಡಿಕೊಂಡು ಇಬ್ಬರೂ ನೇರ ನಮ್ಮ ಮನೆಗೆ ಬಂದರು. ರೇಖಾಳ ಕೈಲಿ ಮೈಸೂರ್ ಪಾಕಿನ ಡಬ್ಬಿ. ಬಸವರಾಜ ಮೊದಲು ತನ್ನ ಇಂಗ್ಲಿಷಿನ ಸುದ್ದಿ ಹೇಳಿ ಭಾರ ಇಳಿಸಿಕೊಂಡ. ಆಮೇಲೆ ರೇಖಾ ತನ್ನ ಬಯಾಲಜಿ ಮಾರ್ಕು ಹೇಳಿದಳು. ಪೂರ್ತಿಗೆ ಸ್ವಲ್ಪವೇ ಕಡಿಮೆ. ನಾನು ಚಪ್ಪಾಳೆ ತಟ್ಟಿದೆ. ಇವರು ತಟ್ಟಲಿಲ್ಲ. ಹುಬ್ಬು ಗಂಟಿಕ್ಕಿ ಎಡಗೈಯನ್ನು ಮಗುಚಿ ಹಿಡಿದರು: ಮಿಕ್ಕಿದ್ದೆಲ್ಲಿ ಹೋಯಿತು?

“ಹಾರ್ಟ್ ಚಿತ್ರ ಸಾರ್. ಎಲ್ಲ ಬರ್ದೆ, ಎಡಗಡೆ ಎರಡು ಕೋಣೆ ಮಧ್ಯದ ಕವಾಟಕ್ಕೆ ಹೆಸರು ಹಾಕೋದು ಮರ್ತೆ. ಹೊರಗೆ ಬಂದ್ಮೇಲೆ ನೆನಪಾಯ್ತು.”

ಇವರು ಟೀಪಾಯಿಯ ಮೇಲಿದ್ದ ಕ್ಯಾಲೆಂಡರಿನ ಹಳೆಯ ಹಾಳೆ ತೋರಿಸಿದರು. ಪೆನ್ಸಿಲ್ ತೋರಿಸಿದರು. ಬರೆ.

“ಸರ, ಪರೀಕ್ಷೆ ಮುಗದೈತ್ರಿ” ಎಂದ ಬಸವರಾಜ.

“ಸುಮ್ನಿರೋ” ಎಂದಳು ರೇಖಾ. ನೆಲದ ಮೇಲೆ ಕೂತು, ಹಾಳೆಯ ಬಿಳಿಯ ಬೆನ್ನಿನ ಮೇಲೆ, ಯಾವ ಪುಸ್ತಕವನ್ನೂ ನೋಡದೆ ಹೃದಯ ಬರೆಯತೊಡಗಿದಳು. ಬಸವರಾಜ ಗೊಣಗುತ್ತ ಪಕ್ಕದಲ್ಲಿ ಕೂತವನು, ಸ್ವಲ್ಪ ಹೊತ್ತಿನಲ್ಲಿ “ಆ ನಾಳ ಸ್ವಲ್ಪ ದಪ್ಪ ಬರಬೇಕವಾ” ಎಂದು ತಾನೂ ಬಗ್ಗಿದ. ಮೈಸೂರ್ ಪಾಕಿನ ಡಬ್ಬಿಯ ದಾರವನ್ನು ಯಾರೂ ಬಿಚ್ಚಿರಲಿಲ್ಲ. ಕಾಫಿ ಆರುತ್ತಿತ್ತು. ಇನ್ನು ಜನ್ಮದಲ್ಲಿ ಯಾರೂ ಮಾರ್ಕು ಕೊಡದ ಒಂದು ಚಿತ್ರವನ್ನು ಮೂರು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಚಿತ್ರ ಮುಗಿಯಿತು. ಅವಳು ಆ ಕವಾಟಕ್ಕೆ ಗೆರೆ ಎಳೆಯಬೇಕು ಎನ್ನುವಷ್ಟರಲ್ಲಿ ಇವರು ಕೈ ಚಾಚಿದರು. ಪೆನ್ಸಿಲ್ ಕೊಟ್ಟಳು. ಬಸವರಾಜ ಹಾಳೆಯನ್ನು ಎತ್ತಿ ಇವರ ತೊಡೆಯ ಮೇಲೆ ಹಿಡಿದ. ಹಲಗೆಯ ಮೇಲೆ ಒಂದೇ ಬೀಸಿಗೆ ಮೂತ್ರಪಿಂಡ ಬರೆಯುತ್ತಿದ್ದ ಮನುಷ್ಯ, ಎಡಗೈಯಲ್ಲಿ, ಇರುವೆ ಹರಿದ ಹಾಗೆ ನಡುಗುತ್ತ ನಡುಗುತ್ತ ಒಂದು ಗೆರೆ ಎಳೆದರು. ಗೆರೆ ಎರಡು ಕಡೆ ದಾರಿ ತಪ್ಪಿತು, ಮತ್ತೆ ಬಂತು, ಸರಿಯಾಗಿ ಆ ಪುಟ್ಟ ಬಾಗಿಲಿಗೆ ಹೋಗಿ ಮುಟ್ಟಿತು. ಗೆರೆಯ ಇನ್ನೊಂದು ತುದಿಯಲ್ಲಿ ರೇಖಾ ಹೆಸರು ಬರೆದಳು. ಇವರು ಓದಿದರು, ತೃಪ್ತಿಯಾಯಿತೆನ್ನುವಂತೆ ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ಡಾಕ್ಟರು ಖಡಾಖಂಡಿತ ಬೇಡವೆಂದಿದ್ದ ಮೈಸೂರ್ ಪಾಕಿನ ಡಬ್ಬಿಯ ಕಡೆ ನೋಡಿ, ನನ್ನ ಕಡೆ ನೋಡಿದರು.

ನಾನು ದಾರ ಬಿಚ್ಚಿ ದೊಡ್ಡ ತುಂಡನ್ನೇ ಕೊಟ್ಟೆ.